ಕುದುರೆಯಿಂದ ಇಳಿಯುವ ಜಾಗ

ಬೆಂಗಳೂರಿನಿಂದ ತುಮಕೂರಿಗೆ ಹೋಗುವ ಹೆದ್ದಾರಿಯಲ್ಲಿ ಸುಮಾರು ಮೂವತ್ತು ಮೈಲಿ ಸಾಗಿದರೆ ದಾಬಸ್‌ಪೇಟೆ ಸಿಕ್ಕುವುದು. ಅಲ್ಲಿ ನಿಂತು ದಕ್ಷಿಣಕ್ಕೆ ಮುಖಮಾಡಿದವರಿಗೆ ಶಿವಗಂಗೆಯ ಬೆಟ್ಟವು ಎದುರಿಗೇ ಎದ್ದು ನಿಂತಂತೆ ಕಾಣುವುದು. ಯಾತ್ರಿಕರು, ವಿದ್ಯಾರ್ಥಿಗಳು, ಭಾನುವಾರದ ಬಿಡುವಿನಲ್ಲಿ ಬೆಟ್ಟ ಹತ್ತಬಯಸುವ ಪಟ್ಟಣಿಗರು, ಹೀಗೆ ಬಗೆಬಗೆಯ ಜನ ಈ ಊರನ್ನು ದಾಟಿ ಆ ಬೆಟ್ಟದ ಬುಡಕ್ಕೆ ಹೋಗುವರು. ಬೆಂಗಳೂರಿನ ಸುತ್ತಮುತ್ತ ಕುದುರೆಸವಾರಿಯನ್ನು ಕಲಿಸುವ ಶಾಲೆಗಳು ಈಗ ಹಲವು ಇರುವುದರಿಂದ, ಕುದುರೆಯ ಮೇಲೆ ಬೆಟ್ಟದ ದಾರಿಯನ್ನು ಹಿಡಿಯಬೇಕೆಂಬ ಆಸೆಯೂ ತರುಣರಲ್ಲಿ ಮತ್ತೆ ಚಿಗುರಿದೆ. ಆಸೆ ಒಳ್ಳೆಯದೇ. ಆದರೆ ಅದರ ಜೊತೆಯಲ್ಲಿ ಒಂದು ಪ್ರಶ್ನೆಯನ್ನೂ ಕೇಳಿಕೊಳ್ಳಬೇಕಾಗಿದೆ. ಬೆಟ್ಟದ ದಾರಿಯಲ್ಲಿ ಕುದುರೆಯ ಮೇಲೆ ಎಲ್ಲಿಯವರೆಗೆ ಹೋಗಬಹುದು, ಎಲ್ಲಿ ಇಳಿದು ಕಾಲ್ನಡಿಗೆಯಲ್ಲಿ ಸಾಗಬೇಕು? ಏರುವುದನ್ನು ಕಲಿಸುವವರು ಬಹು ಮಂದಿ ಇದ್ದಾರೆ. ಇಳಿಯುವ ಜಾಗವನ್ನು ಹೇಳಿಕೊಡುವವರು ಕಡಿಮೆ. ಈ ಹೊತ್ತು ನಾವು ಆಡಬೇಕೆಂದಿರುವ ಮಾತು ಅದರ ಕುರಿತೇ.

ಇಂಥ ಮಾತಿಗೆ ದಾಬಸ್‌ಪೇಟೆ ತಕ್ಕ ಸ್ಥಳ. ಈ ಊರಿನ ಹೆಸರೇ ಕುದುರೆಯ ಕಾಲದ್ದು. ಮೈಸೂರು ಸಂಸ್ಥಾನವು ಕಮಿಷನರರ ಆಡಳಿತಕ್ಕೆ ಒಳಪಟ್ಟಿದ್ದ 1831ರಿಂದ 1881ರವರೆಗಿನ ಅವಧಿಯಲ್ಲಿ ಆರ್. ಎಸ್. ಡಾಬ್ಸ್ ಎಂಬ ಅಧಿಕಾರಿಯು ಚಿತ್ರದುರ್ಗ ವಿಭಾಗದ ಸೂಪರಿಂಟೆಂಡೆಂಟನಾಗಿದ್ದನು. ಅವನ ಹೆಸರಿನ ಪೇಟೆಯು ಜನರ ಬಾಯಲ್ಲಿ ಪಳಗಿ ದಾಬಸ್‌ಪೇಟೆಯಾಯಿತು. ಬೆಂಗಳೂರಿನಿಂದ ತುಮಕೂರಿಗೆ ರೈಲು ಬಂದದ್ದು 1884ರಲ್ಲಿ. ಅದಕ್ಕೆ ಮುಂಚೆ ಈ ಸೀಮೆಯಲ್ಲಿ ಅಮಲ್ದಾರನ ಸರ್ಕೀಟಾಗಲಿ, ಟಪಾಲಾಗಲಿ, ದಂಡಾಗಲಿ, ಎಲ್ಲವೂ ಕುದುರೆಯ ಕಾಲನ್ನೋ ಎತ್ತಿನ ಕಾಲನ್ನೋ ನೆಚ್ಚಿಕೊಂಡಿದ್ದುವು. ಇಲ್ಲಿಂದ ನೈಋತ್ಯಕ್ಕೆ ಕುಣಿಗಲು ಇದೆ. ಅಲ್ಲಿಯ ಕುದುರೆಫಾರಮಿನ ಮೂಲವನ್ನು ಟಿಪ್ಪುಸುಲ್ತಾನನ ಕಾಲಕ್ಕೆ ಒಯ್ಯುತ್ತಾರೆ. ಕುದುರೆಯ ಲಕ್ಷಣ, ರೋಗ, ಚಿಕಿತ್ಸೆಗಳನ್ನು ಕುರಿತು ಕನ್ನಡದಲ್ಲಿಯೇ ಗ್ರಂಥಗಳು ಹುಟ್ಟಿವೆ. 17ನೆಯ ಶತಮಾನದ ಪದ್ಮಣಪಂಡಿತನ ‘ಹಯಸಾರ ಸಮುಚ್ಚಯ’ ಅಂಥವುಗಳಲ್ಲಿ ಒಂದು. ಕುದುರೆಯ ವಿದ್ಯೆ ನಮಗೆ ಹೊರಗಿನಿಂದ ಬಂದ ಹೊಸ ಮೋಜಲ್ಲ. ನಾವೇ ನಡುವೆ ಮರೆತ ಹಳೆಯ ಪಾಠ.

ಮೊದಲು ಬೆಟ್ಟವನ್ನು ನೋಡೋಣ. ಬೆಟ್ಟದ ಆಕಾರವನ್ನು ಅರಿಯದೆ ಕುದುರೆಯ ದಾರಿಯನ್ನು ನಿಶ್ಚಯಿಸಲಾಗದು. ಅಮೆರಿಕದ ನೈಋತ್ಯ ಭಾಗದಲ್ಲಿ ಮೇಸಾ ಎಂಬ ಹೆಸರಿನ ಬೆಟ್ಟಗಳುಂಟು. ಮೇಸಾ ಎಂದರೆ ಸ್ಪಾನಿಷ್ ಭಾಷೆಯಲ್ಲಿ ಮೇಜು. ಗಟ್ಟಿಯಾದ ಕಲ್ಲಿನ ಪದರವೊಂದು ಮಟ್ಟಸವಾಗಿ ಹಾಸಿ, ಅದರ ಕೆಳಗೆ ಮೆತ್ತನೆಯ ಪದರಗಳಿದ್ದರೆ, ಮಳೆ ಗಾಳಿಗಳು ಅಂಚುಗಳನ್ನು ಕೊರೆದು ಹಾಕುವುವೇ ಹೊರತು ಮೇಲಿನ ಹಾಸನ್ನು ಬೇಗ ಸವೆಸಲಾರವು. ಹೀಗೆ ಬದಿಗಳು ಕಡಿದಾಗಿ, ನೆತ್ತಿ ಮಾತ್ರ ಚಪ್ಪಟೆಯಾಗಿ ಉಳಿಯುವುದು. ನಮ್ಮ ನಾಡಿನಲ್ಲಿ ಈ ಬಗೆಯ ರೂಪವನ್ನು ಕಾಣಬೇಕಾದರೆ ಬಾದಾಮಿ ಗೋಕಾಕಗಳ ಮರಳುಗಲ್ಲಿನ ಸೀಮೆಗೆ ಹೋಗಬೇಕು. ಇಂಥ ಬೆಟ್ಟದಲ್ಲಿ ಕುದುರೆಗೆ ಕಷ್ಟವಿರುವುದು ಅಂಚನ್ನು ಏರುವಾಗ ಮಾತ್ರ. ಒಮ್ಮೆ ಮೇಲೆ ಸೇರಿತೆಂದರೆ ಮೇಜಿನ ಮೇಲೆ ನಡೆದಂತೆ ನಿರಾಯಾಸವಾಗಿ ನಡೆಯಬಲ್ಲದು.

ಶಿವಗಂಗೆಯದು ಇದಕ್ಕೆ ತೀರ ವಿರುದ್ಧವಾದ ರಚನೆ. ರಾಮನಗರ, ಮಾಗಡಿ, ಸಾವನದುರ್ಗಗಳನ್ನು ಹಾದು ಉತ್ತರಕ್ಕೆ ಹಬ್ಬಿರುವ ಬೆಣಚುಗಲ್ಲಿನ ಒಂದು ನೀಳವಾದ ಪಟ್ಟಿಯುಂಟು. ರಾಮನಗರದ ಹಿಂದಿನ ಹೆಸರಾದ ಕ್ಲೋಸ್‌ಪೇಟೆಯಿಂದಲೇ ಭೂವಿಜ್ಞಾನಿಗಳು ಅದನ್ನು ಕ್ಲೋಸ್‌ಪೇಟೆ ಗ್ರಾನೈಟು ಎಂದು ಕರೆದಿದ್ದಾರೆ. ಸುಮಾರು 250 ಕೋಟಿ ವರ್ಷಗಳ ಹಿಂದೆ ಭೂಗರ್ಭದಲ್ಲಿ ಕರಗಿದ್ದು ಆರಿ ಗಟ್ಟಿಯಾದ ಕಲ್ಲು ಇದು. ಇದರ ಮೇಲೆ ಹೊರೆಯಾಗಿದ್ದ ನೆಲವು ಕಾಲಕ್ರಮದಲ್ಲಿ ಕೊಚ್ಚಿಹೋದಾಗ, ಅದುಮಿಟ್ಟಿದ್ದ ಭಾರವು ಇಳಿದು, ಕಲ್ಲು ಕೊಂಚ ಕೊಂಚವೇ ಹಿಗ್ಗಿ, ಈರುಳ್ಳಿಯ ಸಿಪ್ಪೆಯಂತೆ ಪದರ ಪದರವಾಗಿ ಬಿರಿಯಿತು. ಹೊರಗಿನ ಸಿಪ್ಪೆ ಕಳಚಿದಂತೆಲ್ಲ ಒಳಗಿನ ದುಂಡು ಮೈ ಹೊರಬಿತ್ತು. ಆದುದರಿಂದಲೇ ಈ ಸೀಮೆಯ ಬೆಟ್ಟಗಳು ಗುಮ್ಮಟದಂತೆ ಉಬ್ಬಿ, ಮೇಲೆ ಹೋದಷ್ಟೂ ಬೋಳಾಗಿ, ಕಾಲಿಗೆ ಹಿಡಿತ ಸಿಗದಂತೆ ಇರುವುವು. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬ ಗಾದೆಯು ಬೇರೆ ಕಡೆ ಎಷ್ಟು ನಿಜವೋ ನಾವರಿಯೆವು. ಇಲ್ಲಿ ಮಾತ್ರ ಬೆಟ್ಟವು ಹತ್ತಿರ ಹೋದರೂ ನುಣ್ಣಗೇ ಇರುವುದು, ಅಪಾಯವಿರುವುದೂ ಆ ನುಣುಪಿನಲ್ಲಿಯೇ. ಬಿರಿದ ಪದರಗಳಿಂದ ಉದುರಿದ ಹರಳುಮರಳು ಬಂಡೆಯ ಮೇಲೆ ತೆಳ್ಳಗೆ ಹರಡಿರುವುದು. ಅದರ ಮೇಲೆ ಹೆಜ್ಜೆಯಿಟ್ಟರೆ ರಾಗಿಕಾಳಿನ ಮೇಲೆ ಹೆಜ್ಜೆಯಿಟ್ಟಂತೆ.

ಈಗ ಕುದುರೆಯ ಕಡೆಗೆ ತಿರುಗೋಣ. ಕುದುರೆಯು ಬಯಲಿನಲ್ಲಿ ಬೆಳೆದು ಬಂದ ಪ್ರಾಣಿ. ಒಂದೊಂದು ಕಾಲಿಗೂ ಒಂದೇ ಗೊರಸು. ಮೇಕೆಯಂತೆ ಎರಡಾಗಿ ಸೀಳಿ ಬಂಡೆಯನ್ನು ಹಿಡಿದುಕೊಳ್ಳುವ ಗೊರಸಲ್ಲ. ಆ ಗೊರಸಿನ ಅಡಿಯಲ್ಲಿ ತ್ರಿಕೋಣಾಕಾರದ ಮೆತ್ತನೆಯ ಭಾಗವೊಂದುಂಟು. ಮಣ್ಣಿನ ನೆಲದಲ್ಲಿ ಅದು ಒತ್ತಿಕೊಂಡು ಹಿಡಿತವನ್ನು ಕೊಡುವುದು. ಗೊರಸು ಸವೆಯದಿರಲೆಂದು ನಾವು ಹೊಡೆಯುವ ಕಬ್ಬಿಣದ ಲಾಳವು ಡಾಂಬರು ಗರಸುಗಳ ಮೇಲೆ ಉಪಕಾರಿ. ಬೋಳುಬಂಡೆಯ ಮೇಲಾದರೋ ಕಲ್ಲಿಗೆ ಕಬ್ಬಿಣ ತಾಗಿ ಜಾರುವುದು. ನಿಂತಿರುವ ಕುದುರೆಯ ಭಾರದಲ್ಲಿ ನೂರಕ್ಕೆ ಐವತ್ತೈದರಿಂದ ಅರವತ್ತರಷ್ಟು ಮುಂಗಾಲುಗಳ ಮೇಲೆಯೇ ಇರುವುದು. ಇಳಿಜಾರಿನಲ್ಲಿ ಆ ಭಾಗವು ಇನ್ನೂ ಹೆಚ್ಚುವುದು. ಮೇಲೆ ಸವಾರನೂ ಮುಂದಕ್ಕೆ ಜೋತುಬಿದ್ದನೆಂದರೆ ಎರಡು ಸಣ್ಣ ಮುಂಗಾಲುಗಳು ಹೊರಬೇಕಾದ ಹೊರೆ ಎಷ್ಟೆಂಬುದನ್ನು ಊಹಿಸಿಕೊಳ್ಳಬಹುದು.

ಕುದುರೆಯ ಕಣ್ಣು ತಲೆಯ ಎರಡು ಪಕ್ಕಗಳಲ್ಲಿ ಇರುವುದರಿಂದ ಸುತ್ತಲಿನದೆಲ್ಲ ಅದಕ್ಕೆ ಕಾಣುವುದು. ಕಾಣದಿರುವುದು ಬೆನ್ನ ಹಿಂದಿನದು ಮತ್ತು ಹಣೆಯ ಎದುರಿಗೇ ತೀರ ಹತ್ತಿರವಿರುವುದು. ಆದುದರಿಂದ ದಾರಿಯನ್ನು ಪರೀಕ್ಷಿಸಬೇಕಾದಾಗ ಅದು ತಲೆಯನ್ನು ತಗ್ಗಿಸುವುದು. ಅಂಥ ಸಮಯದಲ್ಲಿ ಲಗಾಮನ್ನು ಬಿಗಿಹಿಡಿದು ತಲೆಯೆತ್ತಿಸುವ ಸವಾರನು ಕುರುಡನ ಕೈಯ ಕೋಲನ್ನು ಕಿತ್ತುಕೊಂಡವನಿಗೆ ಸಮಾನ. ಬಿಸಿಲಿನಿಂದ ನೆರಳಿಗೆ ಬಂದಾಗ ಕತ್ತಲೆಗೆ ಹೊಂದಿಕೊಳ್ಳಲು ಅದರ ಕಣ್ಣಿಗೆ ನಮ್ಮ ಕಣ್ಣಿಗಿಂತ ಹೆಚ್ಚು ಹೊತ್ತು ಬೇಕು. ಮರಗಳ ದಟ್ಟ ನೆರಳಿನ ಬಾಯಲ್ಲಿ ಅದು ಅನುಮಾನಿಸಿ ನಿಂತರೆ ಅದನ್ನು ಮೊಂಡುತನವೆಂದು ತಿಳಿಯಕೂಡದು. ಕುದುರೆಯು ಮೂಗಿನಿಂದಲ್ಲದೆ ಬಾಯಿಯಿಂದ ಉಸಿರಾಡಲಾರದು. ವಿಶ್ರಾಂತಿಯಲ್ಲಿ ಅದರ ನಾಡಿಯು ನಿಮಿಷಕ್ಕೆ 28ರಿಂದ 44 ಸಲ ಬಡಿಯುವುದು. ಏರಿನ ತುದಿಯಲ್ಲಿ ನಿಲ್ಲಿಸಿ, ಹತ್ತು ನಿಮಿಷ ಕಳೆದ ಮೇಲೆಯೂ ನಾಡಿಯು ಅರವತ್ತಕ್ಕಿಂತ ಬಹಳ ಮೇಲಿದ್ದರೆ, ಮೂಗಿನ ಹೊಳ್ಳೆಗಳು ಅರಳಿಯೇ ಇದ್ದರೆ, ಅಂದಿನ ಸವಾರಿ ಅಲ್ಲಿಗೆ ಮುಗಿಯಿತೆಂದು ತಿಳಿಯಬೇಕು.

ಹೊರೆಯ ವಿಚಾರದಲ್ಲಿಯೂ ಲೆಕ್ಕವುಂಟು. ಸವಾರನೂ ಜೀನೂ ಸೇರಿ ಕುದುರೆಯ ತೂಕದಲ್ಲಿ ಐದರಲ್ಲೊಂದು ಭಾಗವನ್ನು ಮೀರಬಾರದೆಂಬುದು ಸಾಮಾನ್ಯವಾಗಿ ಒಪ್ಪಿರುವ ಮಿತಿ. 300 ಕಿಲೋಗ್ರಾಂ ತೂಗುವ ನಾಟಿ ಕುದುರೆಗೆ 60 ಕಿಲೋಗ್ರಾಮೇ ಕಡೆ. ಏರುದಾರಿಯಲ್ಲಿ ಅದಕ್ಕಿಂತ ಕಡಿಮೆಯಾದಷ್ಟೂ ಮೇಲು. ನಮ್ಮ ದೇಶದಲ್ಲಿ 1965ರಲ್ಲಿ ಹೊರೆ ಹೊರುವ ಹಾಗೂ ಬಂಡಿಯೆಳೆಯುವ ಪ್ರಾಣಿಗಳ ವಿಚಾರವಾಗಿ ಸರ್ಕಾರವು ನಿಯಮಗಳನ್ನು ಮಾಡಿತು. ಅವುಗಳ ಪ್ರಕಾರ ತಟ್ಟುವಿನ ಬೆನ್ನಿನ ಮೇಲೆ 70 ಕಿಲೋಗ್ರಾಮಿಗಿಂತ ಹೆಚ್ಚು ಹೊರೆ ಹೇರಕೂಡದು. ದಿನಕ್ಕೆ ಒಂಬತ್ತು ಗಂಟೆಗಿಂತ ಹೆಚ್ಚು, ನಡುವೆ ವಿಶ್ರಾಂತಿಯಿಲ್ಲದೆ ಐದು ಗಂಟೆಗಿಂತ ಹೆಚ್ಚು ದುಡಿಸಕೂಡದು. ಬಿಸಿಲು 37 ಡಿಗ್ರಿಯನ್ನು ಮೀರುವ ಕಡೆಗಳಲ್ಲಿ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ದುಡಿಸಲೇಕೂಡದು. ನಿಯಮವು ಪುಸ್ತಕದಲ್ಲಿದ್ದರೆ ಸಾಲದು. ಕೇದಾರನಾಥದ ದಾರಿಯಲ್ಲಿ 2022ರ ಯಾತ್ರೆಯ ಕಾಲದಲ್ಲಿ ಕುದುರೆಗಳೂ ಹೇಸರಗತ್ತೆಗಳೂ ಬಹು ಸಂಖ್ಯೆಯಲ್ಲಿ ಸತ್ತುದನ್ನು ನಾವು ಪತ್ರಿಕೆಗಳಲ್ಲಿ ಓದಿದೆವು. ಪುಣ್ಯಕ್ಕೆಂದು ಹೊರಟವರ ಭಾರಕ್ಕೆ ಮೂಕಪ್ರಾಣಿಗಳು ಬಲಿಯಾದರೆ ಆ ಪುಣ್ಯವು ಯಾರ ಲೆಕ್ಕಕ್ಕೆ ಸಲ್ಲಬೇಕು?

ಇಷ್ಟೆಲ್ಲ ಉಪದೇಶಿಸುವ ನಾವು ಈ ಪಾಠವನ್ನು ಓದಿ ಕಲಿತವರಲ್ಲ; ತಪ್ಪು ಮಾಡಿ ಕಲಿತವರು. ಕೆಲವು ವರ್ಷಗಳ ಹಿಂದೆ ಒಂದು ಮಾರ್ಗಶಿರದ ಬೆಳಗ್ಗೆ ದಾಬಸ್‌ಪೇಟೆಯ ಆಚೆಯಿಂದ ಶಿವಗಂಗೆಯ ಕಡೆಗೆ ಹೊಲಗಳ ನಡುವಣ ಬಂಡಿದಾರಿಯಲ್ಲಿ ಕುದುರೆಯ ಮೇಲೆ ಹೊರಟಿದ್ದೆವು. ಕುದುರೆಯನ್ನು ಸಾಕಿದ್ದ ವೃದ್ಧರು ಪಕ್ಕದಲ್ಲಿಯೇ ನಡೆದು ಬರುತ್ತಿದ್ದರು. ಕೊಯ್ದ ರಾಗಿಯ ಕೂಳೆ, ತೆಂಗಿನ ಸಾಲು, ಇಬ್ಬನಿಯಲ್ಲಿ ನೆನೆದ ಹುಲ್ಲು, ಎಲ್ಲವೂ ಹಿತವಾಗಿತ್ತು. ಬೆಟ್ಟ ಇನ್ನೂ ದೂರವಿರುವಾಗಲೇ ದಾರಿಗೆ ಅಡ್ಡಲಾಗಿ ಒಂದು ಅರೆಬಂಡೆ ಬಂತು. ಎತ್ತರವೇನೂ ಇಲ್ಲ; ಇಪ್ಪತ್ತು ಮಾರು ಏರಿದರೆ ಆಚೆ ಮತ್ತೆ ಮಣ್ಣಿನ ದಾರಿ. ಕುದುರೆ ಬಂಡೆಯ ಅಂಚಿನಲ್ಲಿ ನಿಂತುಬಿಟ್ಟಿತು.

“ಇಳ್ಕೊಳಿ ಸ್ವಾಮಿ,” ಎಂದರು ವೃದ್ಧರು.

“ಇಷ್ಟಕ್ಕೇ ಇಳಿಯುವುದೇ ತಾತ?” ಎಂದೆವು ನಾವು. ಆಚೆಯ ಹೊಲದಲ್ಲಿ ನಾಲ್ಕಾರು ಹುಡುಗರು ನಮ್ಮನ್ನೇ ನೋಡುತ್ತಿದ್ದರು. ಅವರೆದುರಿಗೆ ಇಳಿಯಲು ನಮಗೆ ನಾಚಿಕೆಯಾಯಿತು ಎಂಬುದೇ ನಿಜ. ಹಿಮ್ಮಡಿಯಿಂದ ಕುದುರೆಯ ಪಕ್ಕೆಯನ್ನು ತಿವಿದೆವು. ಅದು ಒಂದು ಗಳಿಗೆ ತಡೆದು, ಅಪ್ಪಣೆಯಾಯಿತಲ್ಲ ಎಂಬಂತೆ ಹೆಜ್ಜೆಯಿಟ್ಟಿತು. ಐದಾರು ಹೆಜ್ಜೆ ನಡೆದಿರಬಹುದು. ಹಿಂಗಾಲಿನ ಲಾಳ ಕರ್ರೆಂದು ಜಾರಿದ ಸದ್ದು ಕೇಳಿಸಿತು. ಮರುಕ್ಷಣದಲ್ಲಿ ಅದು ಮುಂಗಾಲುಗಳ ಮೇಲೆ ಮಂಡಿಯೂರಿ ಬಿತ್ತು. ನಾವು ಪಕ್ಕಕ್ಕೆ ಉರುಳಿದೆವು. ನಮಗೆ ತರಚಿದ ಗಾಯವಲ್ಲದೆ ಹೆಚ್ಚೇನೂ ಆಗಲಿಲ್ಲ. ಕುದುರೆಯ ಎಡಮಂಡಿಯ ಚರ್ಮ ಸುಲಿದು ರಕ್ತ ಬಂದಿತು.

ತಾತ ನಮ್ಮನ್ನು ಬೈಯಲಿಲ್ಲ. ಕುಡಿಯುವುದಕ್ಕೆಂದು ತಂದಿದ್ದ ನೀರಿನಿಂದ ಗಾಯವನ್ನು ತೊಳೆದು, ಹೆಗಲ ಮೇಲಿನ ವಸ್ತ್ರವನ್ನು ಹರಿದು ಕಟ್ಟಿ, ಕುದುರೆಯ ಕತ್ತನ್ನು ತಟ್ಟುತ್ತ ಬಹಳ ಹೊತ್ತು ನಿಂತರು. ಆಮೇಲೆ ಇಷ್ಟು ಹೇಳಿದರು: “ಕುದ್ರೆ ನಿಂತ್ ಕಡೆ ಒಂದ್ಸಲ ನೆಲ ನೋಡ್ಬೇಕು ಸ್ವಾಮಿ. ಅದು ಸುಮ್ಸುಮ್ನೆ ನಿಲ್ಲಾಕಿಲ್ಲ.” ಅಂದು ನಾವು ಕುದುರೆಯನ್ನು ಹಿಡಿದುಕೊಂಡು ಬಂದ ದಾರಿಯಲ್ಲೇ ನಡೆದು ಹಿಂದಿರುಗಿದೆವು. ಪಶುವೈದ್ಯರ ಖರ್ಚನ್ನು ಕೊಟ್ಟೆವು. ಆ ಕುದುರೆ ಎರಡು ತಿಂಗಳು ದುಡಿಯಲಾರದೆ ನಿಂತಿತೆಂದು ಆಮೇಲೆ ತಿಳಿಯಿತು. ಇಳಿಯಲು ಬೇಕಾಗಿದ್ದುದು ಅರ್ಧ ನಿಮಿಷ.

ಬಂಡೆಯ ದಾರಿಯಲ್ಲಿ ಕುದುರೆಗಳು ಏರಿಯೇ ಇಲ್ಲವೇ ಎಂದು ಯಾರಾದರೂ ಕೇಳಬಹುದು. ಏರಿವೆ. ದಾಬಸ್‌ಪೇಟೆಗೆ ಈಶಾನ್ಯದಲ್ಲಿರುವ ನಂದಿದುರ್ಗದಲ್ಲಿ ಕುದುರೆದಾರಿ ಎಂದು ಕರೆಯುವ ಹಳೆಯ ದಾರಿಯೊಂದಿದೆ. ಅಲ್ಲಿ ಕುದುರೆಗೆಂದೇ ದಾರಿಯನ್ನು ಕಡಿದಿರುವುದನ್ನು ಗಮನಿಸಬೇಕು. ನಂದಿಯ ನೆತ್ತಿಯೂ ಶಿವಗಂಗೆಯ ನೆತ್ತಿಯಂತೆ ಮೊನಚಲ್ಲ. ಸಾಕಷ್ಟು ವಿಸ್ತಾರವಾಗಿ ಹರಡಿ, ಮೇಸಾದ ಮಾತನ್ನು ಕೊಂಚ ನೆನಪಿಗೆ ತರುವಂಥದು. ಮೇಲೆ ಮಾಡಲು ಕೆಲಸವಿತ್ತು, ನಿಲ್ಲಲು ತಾಣವಿತ್ತು. ಆದುದರಿಂದ ಕುದುರೆಗೆ ದಾರಿಯನ್ನು ಮಾಡಿದರು.

ಇನ್ನೊಂದು ನಿದರ್ಶನವು ದೂರದ್ದಾದರೂ ನಮ್ಮವರದೇ. 1918ರ ಸೆಪ್ಟೆಂಬರ್ 23ರಂದು ಪ್ಯಾಲೆಸ್ತೀನಿನ ಹೈಫಾ ಪಟ್ಟಣವನ್ನು ಮೈಸೂರು ಮತ್ತು ಜೋಧಪುರದ ಲ್ಯಾನ್ಸರುಗಳು ಗೆದ್ದುಕೊಂಡುದನ್ನು ಕೇಳದವರಾರು? ಜೋಧಪುರದವರು ತಗ್ಗಿನಲ್ಲಿ ನುಗ್ಗಬೇಕಾದರೆ ಪಕ್ಕದ ಕಾರ್ಮೆಲ್ ಬೆಟ್ಟದ ಮೇಲಿದ್ದ ಫಿರಂಗಿಗಳು ಮೊದಲು ಸುಮ್ಮನಾಗಬೇಕಾಗಿತ್ತು. ಆ ಕೆಲಸಕ್ಕೆ ಮೈಸೂರಿನ ಕುದುರೆಸವಾರರ ಒಂದು ತುಕಡಿಯನ್ನು ಕಳುಹಿಸಿದರು. ಕಡಿದಾದ ಕಲ್ಲುದಾರಿಯಲ್ಲಿ ಅವರು ಬೆಟ್ಟವನ್ನು ಏರಿದರು. ದಾರಿಯುದ್ದಕ್ಕೂ ಕುದುರೆಗಳು ಸೋತು ಹಿಂದುಳಿದುವು; ಮೇಲೆ ಮುಟ್ಟಿ ದಾಳಿಮಾಡುವ ಹೊತ್ತಿಗೆ ಕುದುರೆಯ ಮೇಲೆ ಉಳಿದಿದ್ದವರು ಕೆಲವರೇ. ಆದರೂ ಫಿರಂಗಿಗಳು ಕೈಸೇರಿದುವು. ಆ ಧೈರ್ಯಕ್ಕೆ ನಮ್ಮ ನಮಸ್ಕಾರ. ಆದರೆ ಅದು ಯುದ್ಧ. ಅಲ್ಲಿ ಕೊಟ್ಟ ಬೆಲೆಗೆ ಕಾರಣವಿತ್ತು. ಭಾನುವಾರದ ವಿಹಾರಕ್ಕೆ ಹೊರಟ ನಮಗೆ ಆ ಬೆಲೆಯನ್ನು ಮತ್ತೊಂದು ಪ್ರಾಣಿಯಿಂದ ಕೇಳುವ ಅಧಿಕಾರವಿಲ್ಲ.

ಹಾಗಾದರೆ ಸವಾರನು ಮಾಡಬೇಕಾದುದೇನು? ಹೊರಡುವ ಮುನ್ನ ನಾಲ್ಕು ಗೊರಸುಗಳನ್ನೂ ಎತ್ತಿ ನೋಡಿ, ಸಿಕ್ಕಿಕೊಂಡ ಕಲ್ಲನ್ನು ತೆಗೆದು, ಲಾಳದ ಮೊಳೆಗಳು ಬಿಗಿಯಾಗಿವೆಯೇ ಎಂಬುದನ್ನು ತಿಳಿಯಬೇಕು. ಏರಿನಲ್ಲಿ ಜೀನು ಹಿಂದಕ್ಕೆ ಸರಿಯುವುದು, ಇಳಿವಿನಲ್ಲಿ ಮುಂದಕ್ಕೆ. ಎದೆಪಟ್ಟಿಯೂ ಬಾಲದ ಪಟ್ಟಿಯೂ ಇರುವುದು ಇದಕ್ಕಾಗಿಯೇ. ಒಂದು ಮೈಲಿ ನಡೆದ ಮೇಲೆ ಹೊಟ್ಟೆಪಟ್ಟಿಯನ್ನು ಮತ್ತೊಮ್ಮೆ ನೋಡುವುದು ಜಾಣತನ. ರಿಕಾಬಿನಲ್ಲಿ ಪಾದದ ಮುಂಭಾಗ ಮಾತ್ರ ಇರಲಿ, ಹಿಮ್ಮಡಿ ಕೆಳಗಿರಲಿ. ಬಿದ್ದರೆ ಕಾಲು ಸಿಕ್ಕಿಕೊಳ್ಳಕೂಡದು. ಏರುವಾಗ ಮೈಯನ್ನು ತುಸು ಮುಂದಕ್ಕೆ ಬಾಗಿಸಿ, ಬೇಕಾದರೆ ಕುತ್ತಿಗೆಯ ಕೂದಲನ್ನು ಹಿಡಿದುಕೊಳ್ಳಬೇಕು. ಲಗಾಮನ್ನು ಹಿಡಿದು ಜೋಲಕೂಡದು. ಇಳಿಯುವಾಗ ನೆಟ್ಟಗೆ ಕುಳಿತು, ಕುದುರೆಗೆ ತಲೆಯನ್ನು ತಗ್ಗಿಸುವಷ್ಟು ಸಡಿಲವನ್ನು ಬಿಡಬೇಕು. ಮಣ್ಣು ಮುಗಿದು ಬಂಡೆ ಮೊದಲಾಗುವ ಕಡೆ, ದಾರಿಯು ಕುದುರೆಯ ಉದ್ದಕ್ಕಿಂತ ಕಿರಿದಾಗಿ ತಿರುಗಿಸಲು ತಾವಿಲ್ಲದ ಕಡೆ, ಮೆಟ್ಟಿಲುಗಳು ಮೊದಲಾಗುವ ಕಡೆ, ಈ ಮೂರು ಕಡೆಗಳಲ್ಲಿ ವಾದವಿಲ್ಲದೆ ಇಳಿಯಬೇಕು. ಇಳಿದ ಮೇಲೆ ರಿಕಾಬುಗಳನ್ನು ಮೇಲಕ್ಕೆ ಸಿಕ್ಕಿಸಿ, ಲಗಾಮನ್ನು ಕುದುರೆಯ ತಲೆಯ ಮೇಲಿಂದ ಮುಂದಕ್ಕೆ ತಂದು ಹಿಡಿದು ನಡೆಸಬೇಕು. ಅದನ್ನು ಕೈಗೆ ಸುತ್ತಿಕೊಳ್ಳುವುದು ಮಾತ್ರ ಎಂದಿಗೂ ಕೂಡದು. ಕುದುರೆ ಬೆದರಿ ಓಡಿದರೆ ಕೈಯೂ ಅದರ ಹಿಂದೆ ಹೋಗುವುದು. ನೀರಿನ ವಿಷಯವನ್ನು ಮರೆಯಬಾರದು. ಕುದುರೆಗೆ ದಿನಕ್ಕೆ 25ರಿಂದ 50 ಲೀಟರು ನೀರು ಬೇಕು. ಅಷ್ಟನ್ನು ಬೆಟ್ಟದ ಮೇಲೆ ಎಲ್ಲಿಂದ ತರುವಿರಿ?

ದಾಬಸ್‌ಪೇಟೆಯ ಕಡೆಯಿಂದ ಹೊರಡುವವರಿಗೆ ಇನ್ನೊಂದು ಎಚ್ಚರಿಕೆಯೂ ಸಲ್ಲುವುದು. ಡಾಬ್ಸನ ಕಾಲದ ರಸ್ತೆ ಈಗ ರಾಷ್ಟ್ರೀಯ ಹೆದ್ದಾರಿ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆಗಳ ಕಡೆಗೆ ಇನ್ನೊಂದು ಹೆದ್ದಾರಿ ಇಲ್ಲಿಂದಲೇ ಹೊರಡುವುದು. ಕಾರ್ಖಾನೆಗಳು ಬೆಳೆದಿವೆ; ಲಾರಿಗಳ ಸಾಲಿಗೆ ಹಗಲಿರುಳೆಂಬುದಿಲ್ಲ. ಕುದುರೆಯನ್ನು ಹೆದ್ದಾರಿಗೆ ತರುವುದು ಯಾರಿಗೂ ಕ್ಷೇಮವಲ್ಲ. ಊರಿನ ಆಚೆಯ ಹಳ್ಳಿಗಳಿಂದ ಮಣ್ಣಿನ ದಾರಿಗಳನ್ನು ಹಿಡಿದು, ಬೆಳೆಯಿರುವ ಹೊಲವನ್ನು ತುಳಿಯದೆ, ಬೆಟ್ಟದ ಬುಡದವರೆಗೆ ಸಾಗುವುದು ಸರಿ. ಆ ನಾಲ್ಕೈದು ಮೈಲಿಯೇ ಕುದುರೆಯ ಪಾಲು. ಅಲ್ಲಿ ನೆರಳಿನಲ್ಲಿ ಕಟ್ಟಿ, ಹೊಟ್ಟೆಪಟ್ಟಿಯನ್ನು ಸಡಿಲಿಸಿ, ನೀರು ಕುಡಿಸಿ, ಒಬ್ಬರನ್ನು ಕಾವಲಿಗಿಟ್ಟು ಮೇಲಕ್ಕೆ ಹೊರಡಬೇಕು.

ಮೇಲಕ್ಕಿರುವುದೆಲ್ಲ ಮನುಷ್ಯನ ಕಾಲಿನ ಪಾಲು. ಶಿವಗಂಗೆಯ ನೆತ್ತಿ ಸಮುದ್ರಮಟ್ಟದಿಂದ ಸುಮಾರು 4500 ಅಡಿ ಎತ್ತರದಲ್ಲಿದೆ. ಪುರಾಣದಲ್ಲಿ ಇದಕ್ಕೆ ಕಕುದ್ಗಿರಿ ಎಂದು ಹೆಸರು. ಪೂರ್ವದಿಂದ ನೋಡಿದರೆ ಬಸವನಂತೆಯೂ, ಪಶ್ಚಿಮದಿಂದ ಗಣಪತಿಯಂತೆಯೂ, ದಕ್ಷಿಣದಿಂದ ಲಿಂಗದಂತೆಯೂ, ಉತ್ತರದಿಂದ ಹೆಡೆಯೆತ್ತಿದ ಸರ್ಪದಂತೆಯೂ ಕಾಣುವುದೆಂದು ಹೇಳುವರು. ಮೊದಲಿಗೆ ಗವಿಗಳಲ್ಲಿ ನೆಲೆಗೊಂಡ ಗಂಗಾಧರೇಶ್ವರ, ಹೊನ್ನಾದೇವಿಯರ ಗುಡಿಗಳು. ಗಂಗಾಧರೇಶ್ವರನಿಗೆ ಅಭಿಷೇಕ ಮಾಡಿದ ತುಪ್ಪವು ಬೆಣ್ಣೆಯಾಗುವುದೆಂಬುದು ಭಕ್ತರ ನಂಬಿಕೆ. ಅಲ್ಲಿಂದ ಮೇಲೆ ಒಳಕಲ್ಲು ತೀರ್ಥ. ಬಂಡೆಯಲ್ಲಿನ ಸಣ್ಣ ಕುಳಿಯೊಳಕ್ಕೆ ಕೈಯಿಟ್ಟು ನೀರು ಸಿಕ್ಕಿತೇ ಎಂದು ನೋಡಲು ಜನ ಸಾಲುಗಟ್ಟಿ ನಿಲ್ಲುವರು. ಅದನ್ನು ದಾಟಿದ ಮೇಲೆ ಏರು ಕಡಿದಾಗುವುದು. ಬಂಡೆಯಲ್ಲೇ ಕಡಿದ ಮೆಟ್ಟಿಲುಗಳು, ಹಿಡಿದುಕೊಳ್ಳಲು ಕಬ್ಬಿಣದ ಕಂಬಿಗಳು. ನೆತ್ತಿಯ ಬಳಿ ಕೋಡುಗಲ್ಲು ಬಸವಣ್ಣ. ನಾಲ್ಕು ಕಾಲಿನ ಪ್ರಾಣಿಗಳಲ್ಲಿ ಅಷ್ಟು ಎತ್ತರಕ್ಕೆ ಸಲ್ಲುವವನು ಕಲ್ಲಿನಿಂದಾದ ಅವನೊಬ್ಬನೇ ಎಂದರೆ ತಪ್ಪಾಗದು.

ಹೊಯ್ಸಳ ವಿಷ್ಣುವರ್ಧನನ ರಾಣಿ ಶಾಂತಲಾದೇವಿಯು 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳೆಂದು ಶ್ರವಣಬೆಳಗೊಳದ ಶಾಸನದಿಂದ ತಿಳಿಯುವುದು. ಬೆಟ್ಟದ ಮೇಲಿನ ಒಂದು ಕಡಿದಾದ ಅಂಚಿಗೆ ಜನರು ಅವಳ ಹೆಸರನ್ನೇ ಇಟ್ಟಿದ್ದಾರೆ. ಅಲ್ಲಿ ನಿಂತು ಕೆಳಗೆ ನೋಡಿದವರಿಗೆ ಎಚ್ಚರಿಕೆಯ ಮಾತನ್ನು ಬೇರೆ ಹೇಳಬೇಕಾಗಿಲ್ಲ. ಆದರೂ ಅಂಚಿಗೆ ಹೋಗಿ ಬೆನ್ನುತಿರುಗಿಸಿ ತಮ್ಮ ಚಿತ್ರವನ್ನು ತಾವೇ ತೆಗೆದುಕೊಳ್ಳುವ ಚಪಲ ಈಚೆಗೆ ಬಲವಾಗಿದೆ. ಬೆನ್ನ ಹಿಂದಿನದು ಕುದುರೆಗೂ ಕಾಣದು, ಮನುಷ್ಯನಿಗೂ ಕಾಣದು.

ಕಾಲ್ನಡಿಗೆಯವರು ಬೆಳಕು ಹರಿಯುತ್ತಲೇ ಹೊರಡುವುದು ಲೇಸು; ಹತ್ತು ಗಂಟೆಯ ಮೇಲೆ ಬಂಡೆ ಕಾದು ಹೆಂಚಾಗುವುದು. ಗಂಟೆಗೆ ಅರ್ಧ ಲೀಟರಿನಂತೆ ನೀರನ್ನು ಒಯ್ಯಬೇಕು. ಕೋತಿಗಳ ಕಣ್ಣಿಗೆ ಬೀಳುವಂತೆ ತಿಂಡಿಯನ್ನು ಕೈಯಲ್ಲಿ ಹಿಡಿಯಕೂಡದು. ಮಳೆ ಬಿದ್ದ ದಿನ ಬಂಡೆಯನ್ನು ಏರುವುದೇ ಬೇಡ. ಪಾಚಿಯ ಮೇಲೆ ಎಂಥ ಪಾದರಕ್ಷೆಯೂ ನಿಲ್ಲದು. ಎಲ್ಲಕ್ಕಿಂತ ಮಿಗಿಲಾಗಿ, ಇಳಿಯುವುದಕ್ಕೆ ಶಕ್ತಿಯನ್ನು ಉಳಿಸಿಕೊಂಡಿರಬೇಕು. ಏರುವಾಗ ಸೋಲುವುದು ಉಸಿರು, ಇಳಿಯುವಾಗ ಸೋಲುವುದು ಮಂಡಿ. ಮೆಟ್ಟಿಲಿಳಿಯುವ ಒಂದೊಂದು ಹೆಜ್ಜೆಯಲ್ಲೂ ಮೈತೂಕದ ಮೂರು ಪಾಲಿಗಿಂತ ಹೆಚ್ಚಿನ ಭಾರ ಮಂಡಿಯ ಮೇಲೆ ಬೀಳುವುದೆಂದು ಅಳೆದು ನೋಡಿದ್ದಾರೆ. ತೊಡೆಯ ಸ್ನಾಯುಗಳು ದಣಿದಿದ್ದರೆ ಆ ಭಾರವನ್ನು ತಡೆಯುವವರಿಲ್ಲ. ಆದುದರಿಂದ ಸಣ್ಣ ಹೆಜ್ಜೆ, ಬಾಗಿದ ಮಂಡಿ, ಕೈಯಲ್ಲೊಂದು ಕೋಲು. ಇಳಿಯುವವನಿಗೆ ಇವೇ ಆಪ್ತಮಿತ್ರರು.

ಕೆಳಗಿನ ಮಣ್ಣಿನ ದಾರಿಯಲ್ಲಿ ನಡೆಯುವವರೂ ಸವಾರರೂ ಎದುರಾದರೆ ದಾರಿ ಬಿಡುವವರು ಯಾರು? ನಡೆಯುವವರು ಬಿಡಬೇಕು, ಕುದುರೆಯನ್ನು ಅಂಚಿಗೆ ಸರಿಸುವುದಕ್ಕಿಂತ ಮನುಷ್ಯನು ಸರಿಯುವುದು ಸುಲಭ. ದಾರಿಯ ತಗ್ಗಿನ ಪಕ್ಕಕ್ಕೆ ನಿಂತರೆ, ಕುದುರೆ ಬೆದರಿದರೂ ದಿಣ್ಣೆಯ ಕಡೆಗೇ ಹಾಯುವುದು. ಆದರೆ ತಗ್ಗಿನ ಪಕ್ಕ ಪ್ರಪಾತವಾಗಿದ್ದರೆ ಅಲ್ಲಿ ನಿಲ್ಲದೆ ಅಗಲವಾದ ಜಾಗಕ್ಕೆ ಹಿಂದಿರುಗಬೇಕು. ನಿಂತವರು ಮೆಲ್ಲನೆ ಒಂದು ಮಾತನಾಡಲಿ. ಮನುಷ್ಯನ ದನಿಯನ್ನು ಕೇಳಿದರೆ ಕುದುರೆಗೆ ಧೈರ್ಯ. ಛತ್ರಿಯನ್ನು ಥಟ್ಟನೆ ಬಿಚ್ಚುವುದು, ಹಿಂದಿನಿಂದ ಬಂದು ಮುಟ್ಟುವುದು, ಮಕ್ಕಳನ್ನು ಕೂಗಲು ಬಿಡುವುದು ಸಲ್ಲದು. ಸವಾರರೂ ಅಷ್ಟೆ, ಜನರಿರುವಲ್ಲಿ ಹೆಜ್ಜೆನಡಿಗೆಯಲ್ಲದೆ ಓಟ ಕೂಡದು.

ಕಳೆದ ವರ್ಷ ಆ ತಾತನ ಜೊತೆಯಲ್ಲಿ ಅದೇ ಬಂಡಿದಾರಿಯಲ್ಲಿ ಮತ್ತೊಮ್ಮೆ ಹೋದೆವು. ಕುದುರೆಯೂ ಅದೇ, ಎಡಮಂಡಿಯ ಮೇಲೆ ಗಾಯ ಮಾಯ್ದ ಕಡೆ ಕೂದಲು ಬೆಳ್ಳಗೆ ಬಂದಿತ್ತು. ಅರೆಬಂಡೆಯ ಬಳಿ ಅದು ನಿಂತಿತು. ತಾತ ಬಾಯಿ ತೆರೆಯುವುದಕ್ಕೆ ಮುಂಚೆಯೇ ನಾವು ಇಳಿದಿದ್ದೆವು. ಕುದುರೆಯು ತಲೆ ತಗ್ಗಿಸಿ, ಬಂಡೆಯನ್ನು ಮೂಸಿ, ಅಂಚಿನ ಹುಲ್ಲುನೆಲವನ್ನು ಹುಡುಕಿಕೊಂಡು, ಸುತ್ತಿ ಬಳಸಿ ತಾನೇ ಆಚೆ ಸೇರಿತು. ನಾವೂ ಅದರ ಹೆಜ್ಜೆಯಲ್ಲೇ ನಡೆದೆವು. ಅಷ್ಟು ಸುಲಭವಾದ ಒಂದು ದಾರಿ ಅಲ್ಲಿತ್ತೆಂಬುದು, ಮೇಲೆ ಕುಳಿತಿದ್ದಾಗ ನಮಗೆ ಕಂಡಿರಲಿಲ್ಲ.